ದ್ವೀಪ ಪ್ರವಾಸದ ಯೋಜನೆ: ಮೀಸಲು ದಿನ ದುಂದುವೆಚ್ಚವಲ್ಲ

ಬೇಸಿಗೆ ರಜೆಯಲ್ಲಿ ಕುಟುಂಬ ಸಮೇತ ವಿದೇಶ ಪ್ರವಾಸ ಕೈಗೊಳ್ಳುವುದು ವರ್ತಕ ಹಾಗೂ ಉದ್ಯಮಿ ವರ್ಗದಲ್ಲಿ ಈಗ ಅಪರೂಪವಲ್ಲ. ಅಂತಹ ಪ್ರವಾಸಗಳಲ್ಲಿ ಗ್ರೀಸ್ ದೇಶದ ಸೈಕ್ಲಡೀಸ್ ದ್ವೀಪಸಮೂಹಕ್ಕೆ ವಿಶೇಷ ಆಕರ್ಷಣೆಯಿದೆ. ಬಿಸಿಲು, ನೀಲಿ ಕಡಲು, ಸುಣ್ಣ ಬಳಿದ ಬಿಳಿ ಮನೆಗಳು, ಒಂದು ದ್ವೀಪದಿಂದ ಇನ್ನೊಂದಕ್ಕೆ ಫೆರಿ ಹಡಗಿನ ಪಯಣ. ಆದರೆ ಬಹುತೇಕರು ಇದರ ಯೋಜನೆಯನ್ನು ನೋಡಬೇಕಾದ ದ್ವೀಪಗಳ ಪಟ್ಟಿಯಿಂದ ಆರಂಭಿಸುತ್ತಾರೆ. ವಾಸ್ತವವಾಗಿ ಅದು ಆರಂಭವಾಗಬೇಕಾದದ್ದು ಸ್ವದೇಶಕ್ಕೆ ಮರಳುವ ವಿಮಾನದ ದಿನಾಂಕದಿಂದ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವುದೇ ವಿವೇಕ.

ಬಿಸಿಲಿದ್ದರೂ ಹಡಗಿಲ್ಲ

ಇದಕ್ಕೆ ಕಾರಣ ಗಾಳಿ. ಮುಖ್ಯವಾಗಿ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರ ದಿಕ್ಕಿನಿಂದ 'ಮೆಲ್ಟೆಮಿ' ಎಂಬ ಒಣಗಾಳಿ ಬೀಸುತ್ತದೆ. ಆಕಾಶ ಶುಭ್ರವಾಗಿದ್ದರೂ ಗಾಳಿ ಬ್ಯೂಫೋರ್ಟ್ ಮಾಪಕದಲ್ಲಿ 8 ಅಥವಾ 9ನ್ನು ಮುಟ್ಟಿದಾಗ ಬಂದರು ಅಧಿಕಾರಿಗಳು ಹಡಗುಗಳ ಸಂಚಾರವನ್ನು ತಡೆಯುತ್ತಾರೆ. ಸಣ್ಣ ಗಾತ್ರದ ವೇಗದ ಹಡಗುಗಳು ಮೊದಲು ನಿಲ್ಲುತ್ತವೆ. ದೊಡ್ಡ ಸಾಂಪ್ರದಾಯಿಕ ಹಡಗುಗಳು ಇನ್ನಷ್ಟು ತಾಳಿಕೊಳ್ಳುತ್ತವೆ. ಈ ತಡೆಯನ್ನು ಅಧಿಕಾರಶಾಹಿಯ ಕಿರುಕುಳವೆಂದು ಶಪಿಸುವುದು ಸಲ್ಲದು. 2000ನೇ ಇಸವಿಯ ಸೆಪ್ಟೆಂಬರ್ 26ರ ರಾತ್ರಿ 'ಎಕ್ಸ್‌ಪ್ರೆಸ್ ಸಮೀನಾ' ಎಂಬ ಹಡಗು ಪಾರೋಸ್ ದ್ವೀಪದ ಬಳಿ ಬಂಡೆಗೆ ಬಡಿದು ಮುಳುಗಿ, 80ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ನಷ್ಟ ಯಾರ ಪಾಲಿಗೆ?

ಹಡಗು ರದ್ದಾದರೆ ಟಿಕೆಟ್ ಹಣದ ಮರುಪಾವತಿ ಅಥವಾ ಬದಲಿ ಪ್ರಯಾಣ, ಇವೆರಡರಲ್ಲಿ ಒಂದನ್ನು ಆಯ್ದುಕೊಳ್ಳುವ ಹಕ್ಕನ್ನು ಯುರೋಪಿಯನ್ ಒಕ್ಕೂಟದ 2010ರ ನಿಯಮಾವಳಿ ಪ್ರಯಾಣಿಕರಿಗೆ ನೀಡಿದೆ. ಆದರೆ ಸುರಕ್ಷಿತ ಸಂಚಾರಕ್ಕೆ ಅಪಾಯ ತರುವ ಹವಾಮಾನವೇ ಕಾರಣವಾಗಿದ್ದಲ್ಲಿ ಪ್ರಯಾಣಿಕರಿಗೆ ವಸತಿ ಒದಗಿಸುವ ಹೊಣೆ ಹಡಗು ಕಂಪನಿಯ ಮೇಲಿಲ್ಲ. ತಪ್ಪಿಹೋದ ವಿಮಾನದ ಟಿಕೆಟ್ಟಿಗೂ ಅದು ಜವಾಬ್ದಾರಿಯಲ್ಲ. ಅಂದರೆ ನಾಲ್ಕು ಜನರ ಕುಟುಂಬವೊಂದು ಹೊಸದಾಗಿ ಕೊಳ್ಳಬೇಕಾದ ನಾಲ್ಕು ಅಂತರರಾಷ್ಟ್ರೀಯ ಟಿಕೆಟ್ಟುಗಳ ಹೊರೆ ಪೂರ್ತಿಯಾಗಿ ಯಜಮಾನನ ತಲೆಯ ಮೇಲೆಯೇ. ಅಥೆನ್ಸ್‌ನಲ್ಲಿ ಹೆಚ್ಚುವರಿಯಾಗಿ ಒಂದು ರಾತ್ರಿ ತಂಗುವ ವೆಚ್ಚವನ್ನು ಇದರೊಡನೆ ಹೋಲಿಸಿ ನೋಡಬೇಕು. ಸರಕಿಗೆ ವಿಮೆ ಮಾಡಿಸಲು ಹಿಂಜರಿಯದ ವರ್ತಕರು ಈ ಒಂದು ರಾತ್ರಿಯನ್ನು ದುಂದುವೆಚ್ಚವೆಂದು ಭಾವಿಸುವುದು ಸೋಜಿಗವೇ ಸರಿ.

ದೂರದ್ದು ಮೊದಲು

ಪಿರೆಯಸ್ ಬಂದರಿನಿಂದ ಸ್ಯಾಂಟೊರಿನಿಗೆ ದೊಡ್ಡ ಹಡಗಿನಲ್ಲಿ ಸುಮಾರು 8 ಗಂಟೆ, ವೇಗದ ಹಡಗಿನಲ್ಲಿ ಸುಮಾರು 5 ಗಂಟೆ ಹಿಡಿಯುತ್ತದೆ. ವೇಗಕ್ಕೆ ತಕ್ಕಂತೆ ದರವೂ ಏರುತ್ತದೆ. ಹತ್ತು ದಿನಗಳ ಪ್ರವಾಸಕ್ಕೆ ಮೂರು ದ್ವೀಪಗಳು ಸಾಕು. ಅಥೆನ್ಸ್‌ನಿಂದ ವಿಮಾನದಲ್ಲಿ ಮೊದಲು ದೂರದ ಸ್ಯಾಂಟೊರಿನಿಗೆ ಹೋಗಿ, ಅಲ್ಲಿಂದ ದೊಡ್ಡ ಹಡಗಿನಲ್ಲಿ ಸುಮಾರು ಎರಡು ಗಂಟೆಯ ದಾರಿಯ ನಕ್ಸೋಸ್, ಬಳಿಕ ಒಂದು ಗಂಟೆಯೊಳಗೆ ಪಾರೋಸ್, ಕೊನೆಗೆ ಪಿರೆಯಸ್ ಎಂಬ ಕ್ರಮ ಸೂಕ್ತ. ಹೀಗೆ ಮಾಡಿದಲ್ಲಿ ದಿನ ಕಳೆದಂತೆ ವಿಮಾನ ನಿಲ್ದಾಣ ಹತ್ತಿರವಾಗುತ್ತದೆ. ಕರ್ನಾಟಕದ ಶಾಲೆಗಳಿಗೆ ರಜೆಯಿರುವ ಮೇ ತಿಂಗಳು ಮೆಲ್ಟೆಮಿಯ ಕಾಲಕ್ಕಿಂತ ಮುಂಚಿನದು ಎಂಬುದೂ ಇಲ್ಲಿನ ಕುಟುಂಬಗಳಿಗೆ ಅನುಕೂಲಕರ ಸಂಗತಿ.

ಲೆಕ್ಕಪತ್ರದ ಮಾತು

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಗ್ರೀಸ್‌ನ ಹೋಟೆಲುಗಳಲ್ಲಿ 2024ರಿಂದ ಪ್ರತಿ ಕೊಠಡಿಗೆ, ಪ್ರತಿ ರಾತ್ರಿಗೆ ಹವಾಮಾನ ಸಂಬಂಧಿ ಶುಲ್ಕವಿದೆ. ಹೋಟೆಲಿನ ದರ್ಜೆ ಏರಿದಂತೆ ಅದೂ ಏರುತ್ತದೆ. ಇವು ಅಂದಾಜುಪಟ್ಟಿಯಲ್ಲಿ ಸೇರಿರಬೇಕು. ವಿದೇಶ ಪ್ರವಾಸದ ಪ್ಯಾಕೇಜುಗಳ ಮೇಲೆ 2020ರ ಅಕ್ಟೋಬರ್ 1ರಂದು ಜಾರಿಗೆ ಬಂದ ಮೂಲದಲ್ಲಿ ತೆರಿಗೆ ಸಂಗ್ರಹದ ದರ ಆನಂತರ ಬದಲಾವಣೆ ಕಂಡಿದೆ. ಹಣ ಕಟ್ಟುವ ದಿನದ ದರವನ್ನು ವಿಚಾರಿಸಿಕೊಳ್ಳುವುದು ಒಳಿತು. ಈ ಮೊತ್ತ ವೆಚ್ಚವಲ್ಲ. ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದಾದ ಜಮೆ. ಆದರೆ ಅಲ್ಲಿಯವರೆಗೆ ಕೈಯಲ್ಲಿರುವ ನಗದು ಅಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಕುಟುಂಬದ ವಿಹಾರವನ್ನು ಸಂಸ್ಥೆಯ 'ಪ್ರಯಾಣ ವೆಚ್ಚ'ದ ಲೆಕ್ಕಕ್ಕೆ ಹಾಕುವ ಪರಿಪಾಠವನ್ನಂತೂ ಕೈಬಿಡುವುದೇ ಲೇಸು. ಸ್ವಂತ ಖರ್ಚನ್ನು ವ್ಯವಹಾರದ ಖರ್ಚೆಂದು ಕಾನೂನು ಒಪ್ಪುವುದಿಲ್ಲ.

ಏಳು ದಿನಗಳಲ್ಲಿ ಐದು ದ್ವೀಪಗಳನ್ನು ತೋರಿಸುವ ಯೋಜನೆ ಕಾಗದದ ಮೇಲೆ ಲಾಭದಾಯಕವಾಗಿ ಕಾಣಬಹುದು. ಆದರೆ ಅದರಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ. ಒಂದು ಹಡಗು ತಪ್ಪಿದರೆ ಮುಂದಿನ ಹೋಟೆಲು, ಮುಂದಿನ ಹಡಗು, ಕೊನೆಗೆ ವಿಮಾನ ಹೀಗೆ ಸಾಲುಸಾಲಾಗಿ ಎಲ್ಲವೂ ಕೈತಪ್ಪುತ್ತವೆ. ಎರಡು ದ್ವೀಪ ಕಡಿಮೆ ಮಾಡಿ ಒಂದು ದಿನವನ್ನು ಮೀಸಲಿಟ್ಟ ಕುಟುಂಬ ಗಾಳಿ ಬೀಸಿದರೂ ನಿಶ್ಚಿಂತೆಯಿಂದ ಊರಿಗೆ ಮರಳುತ್ತದೆ. ಗಾಳಿ ಬೀಸದಿದ್ದರೆ ಆ ದಿನ ಅಥೆನ್ಸ್‌ನ ಅಕ್ರೊಪೊಲಿಸ್ ನೋಡುವುದಕ್ಕೆ ಒದಗುತ್ತದೆ.