ಬಣ್ಣದ ಪೊಟ್ಟಣಕ್ಕೆ ಕನ್ನಡ ಬಾರದೇ?

ಹೊಸದುರ್ಗ ತಾಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾಗಿದ್ದ ಊರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಅಲ್ಲಿನ ಬಳೆ ತಯಾರಿಕೆಯ ಬಗ್ಗೆ ಬರೆದಿಟ್ಟಿದ್ದಾನೆ. ಹೆಣ್ಣುಮಕ್ಕಳ ಕೈಗೇರುವ ಬಣ್ಣ ಯಾವ ಮಣ್ಣಿನಿಂದ, ಯಾವ ಕುಲುಮೆಯಿಂದ ಬಂತೆಂಬುದು ಆಗ ಊರಿನವರಿಗೇ ಗೊತ್ತಿತ್ತು. ಇಂದು ತಲೆಗೇರುವ ಬಣ್ಣದಲ್ಲಿ ಏನಿದೆ ಎಂದು ಮಾರುವವನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಮನೆಯಲ್ಲೇ ಕೂದಲಿಗೆ ಬಣ್ಣ ಹಚ್ಚಿಕೊಳ್ಳುವುದನ್ನು ಶೋಕಿ ಎಂದು ಹಂಗಿಸುವವರ ಗುಂಪಿಗೆ ನಾವು ಸೇರಿದವರಲ್ಲ. ಹೋಬಳಿ ಮಟ್ಟದ ಊರುಗಳಲ್ಲಿ ಸಲೂನ್ ಎಂದರೆ ಸಾಮಾನ್ಯವಾಗಿ ಗಂಡಸರ ಕಟಿಂಗ್ ಶಾಪ್. ಬ್ಯೂಟಿ ಪಾರ್ಲರಿಗೆಂದು ಪೇಟೆಗೆ ಬಸ್ ಹತ್ತಲು ಹಣ ಬೇಕು, ಬಿಡುವು ಬೇಕು, ಕೆಲವು ಮನೆಗಳಲ್ಲಿ ಅಪ್ಪಣೆಯೂ ಬೇಕು. ಹೀಗಿರುವಾಗ ಅಕ್ಕನ ತಲೆಗೆ ತಂಗಿ ಬ್ರಷ್ ಆಡಿಸಿದರೆ ಯಾರ ಗಂಟೇನು ಹೋಯಿತು? ಹಂಗಿಸುವ ಗಂಡಸರ ಮೀಸೆಯ ಕಪ್ಪು ಎಲ್ಲಿಂದ ಬಂತೆಂದು ನಾವೂ ಕೇಳಬಹುದು.

ನಮ್ಮ ತಕರಾರು ಇರುವುದು ವ್ಯಾಪಾರದ ರೀತಿಯೊಂದಿಗೆ. 'ಸಲೂನಿನಲ್ಲಿ ಬಳಸುವ ಮಾಲೇ ಇದು' ಎಂಬುದು ಈಗ ಹೊಗಳಿಕೆಯ ಮಾತಾಗಿದೆ. ಆದರೆ ಸಲೂನಿನ ಮಾಲನ್ನು ತಯಾರಿಸುವುದೇ ತರಬೇತಿ ಪಡೆದ ಕೈಗಳಿಗಾಗಿ. ಬಣ್ಣದ ಟ್ಯೂಬ್ ಬೇರೆ, ಡೆವಲಪರ್ ಬೇರೆ. ಡೆವಲಪರ್ ಬಾಟಲಿಯ ಮೇಲಿನ 10, 20, 30, 40 ಎಂಬ ಅಂಕಿಗಳು ಹೈಡ್ರೋಜನ್ ಪೆರಾಕ್ಸೈಡಿನ ಪ್ರಮಾಣವನ್ನು ಸೂಚಿಸುತ್ತವೆ. ಅಂದರೆ ಕ್ರಮವಾಗಿ ಶೇ. 3, 6, 9 ಮತ್ತು 12. ನರೆ ಮುಚ್ಚಲು 20 ಸಾಕು. 'ಹೆಚ್ಚಿನದು ಚೆನ್ನಾಗಿ ಹಿಡಿಯುತ್ತದೆ' ಎಂದು 40 ತಂದು ನೆತ್ತಿಗೆ ಮೆತ್ತಿಕೊಂಡರೆ ಚರ್ಮ ಸುಡಬಹುದು, ಕೂದಲು ಹುಲ್ಲಿನಂತಾಗಬಹುದು. ಪಾರ್ಲರಿನವಳಿಗೆ ಇದು ಕಸುಬಿನ ಮೊದಲ ಪಾಠ. ಮನೆಯವಳಿಗೆ ಮಾಲು ಬಂತು, ಪಾಠ ಬರಲಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಪ್ಯಾರಾ ಫೆನಿಲೀನ್ ಡೈಅಮೀನ್, ಚಿಕ್ಕದಾಗಿ ಪಿಪಿಡಿ ಎಂಬ ರಾಸಾಯನಿಕ. ಬಹುಪಾಲು ಕಪ್ಪು ಡೈಗಳ ಜೀವಾಳ ಇದೇ ಅಥವಾ ಇದರ ಸೋದರ ಸಂಬಂಧಿಗಳು. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2006ರಲ್ಲಿ ಇದನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು. ಹತ್ತು ವರ್ಷ ಏನೂ ಮಾಡದ ಡೈ ಹನ್ನೊಂದನೇ ವರ್ಷ ಮುಖ ಊದಿಸಿ ಕಣ್ಣು ಮುಚ್ಚಿಸಬಹುದು. ಒಮ್ಮೆ ಮೈ ತಿರುಗಿಬಿದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಹಾಗೆಯೇ. ಮಕ್ಕಳು ತಿಳಿಯದೆ ನುಂಗಿದರಂತೂ ಗಂಟಲು ಊದಿ ಉಸಿರು ಕಟ್ಟುತ್ತದೆ, ಮೂತ್ರಪಿಂಡ ಕೆಡುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ತಡಮಾಡದೆ ಆಸ್ಪತ್ರೆಗೆ ಓಡುವುದೊಂದೇ ದಾರಿ.

'ಅಮೋನಿಯಾ ಇಲ್ಲ' ಎಂದು ಬರೆದ ಮಾತ್ರಕ್ಕೆ ಪಿಪಿಡಿ ಇಲ್ಲ ಎಂದಲ್ಲ. 'ಹರ್ಬಲ್' ಎಂದರೂ ಅಷ್ಟೇ. ಇನ್ನು ನಮ್ಮ ಮನೆಗಳಲ್ಲಿ ಬಲು ನಂಬಿಕೆ ಗಳಿಸಿರುವ 'ಕಾಲಿ ಮೆಹಂದಿ'! ಗೋರಂಟಿ ಎಲೆ ಕೊಡುವುದು ಕೆಂಪು, ಕಿತ್ತಳೆ. ಅದಕ್ಕೂ ಗಂಟೆಗಟ್ಟಲೆ ಕಾಯಬೇಕು. ಅರ್ಧ ಗಂಟೆಯಲ್ಲಿ ಕಡುಗಪ್ಪು ಕೊಡುವ ಪುಡಿಯಲ್ಲಿ ಕೆಲಸ ಮಾಡಿದ್ದು ಎಲೆಯಲ್ಲ. ಕೂದಲಿಗೆ ಕಪ್ಪು ಬಣ್ಣ ಹಚ್ಚುವುದು ಸಮ್ಮತವೋ ಅಲ್ಲವೋ ಎಂದು ನಮ್ಮಲ್ಲಿ ಬಿಸಿಬಿಸಿ ವಾದ ಮಾಡುವವರಿದ್ದಾರೆ. ವಾದ ಮಾಡಲಿ. ಆದರೆ ಮದುವೆ ಮನೆಯಲ್ಲಿ ಮಗುವಿನ ಅಂಗೈಗೆ 'ಬೇಗ ಕಪ್ಪಾಗುವ' ಕೋನ್ ಹಚ್ಚುವಾಗ ಅದರೊಳಗೆ ಏನಿದೆ ಎಂದು ಕೇಳುವವರು ಒಬ್ಬರೂ ಇಲ್ಲವೆಂದರೆ, ಈ ವಾದಕ್ಕೆ ಏನು ಬೆಲೆ?

ಕಾನೂನು ಇಲ್ಲವೇ? ಇದೆ. 1945ರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ 149ನೇ ನಿಯಮವೇ ಹೇಳಿತ್ತು: ಇಂಥ ಡೈಗಳ ಹೊರಪೊಟ್ಟಣದ ಮೇಲೂ ಒಳಪೊಟ್ಟಣದ ಮೇಲೂ ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಗಳಲ್ಲಿ ಎಚ್ಚರಿಕೆ ಇರಬೇಕು. ಹುಬ್ಬಿಗೆ, ರೆಪ್ಪೆಗೆ ಹಚ್ಚಿದರೆ ಕಣ್ಣು ಹೋಗಬಹುದೆಂದು ತಿಳಿಸಬೇಕು. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಚೂರು ಹಚ್ಚಿ 24 ಗಂಟೆ ನೋಡುವ ವಿಧಾನವನ್ನೂ ವಿವರಿಸಬೇಕು. ಈ ಪರೀಕ್ಷೆ ಒಮ್ಮೆ ಮಾಡಿದರೆ ಮುಗಿಯಲಿಲ್ಲ, ಪ್ರತಿ ಸಲ ಹಚ್ಚುವ ಮುನ್ನವೂ ಆಗಬೇಕು. 2020ರ ಸೌಂದರ್ಯವರ್ಧಕ ನಿಯಮಗಳಲ್ಲೂ ಈ ಎಚ್ಚರಿಕೆ ಉಳಿದುಕೊಂಡಿದೆ. ಉರಿ ಕೆಲವರಿಗೆ ತಡವಾಗಿ ಕಾಣಿಸುವುದರಿಂದ 48 ಗಂಟೆ ಕಾಯಿರಿ ಎನ್ನುವ ಚರ್ಮವೈದ್ಯರೂ ಇದ್ದಾರೆ.

ನಿಮ್ಮ ಮನೆಯಲ್ಲಿರುವ ಪೊಟ್ಟಣವನ್ನು ತಿರುಗಿಸಿ ನೋಡಿ. ಕನ್ನಡ ಎಲ್ಲಿದೆ? ಇದ್ದರೂ ಭೂತಗನ್ನಡಿ ಇಲ್ಲದೆ ಓದಲು ಆಗುತ್ತದೆಯೇ? ಜಾಹೀರಾತಿನಲ್ಲಿ 'ಯೌವನ ಮರಳಿತು' ಎಂದು ಹೇಳಲು ಕನ್ನಡ ಬೇಕಾಗುತ್ತದೆ. 'ಕಣ್ಣು ಹೋದೀತು' ಎನ್ನುವಾಗ ಮಾತ್ರ ಅದು ಸಾಸಿವೆ ಕಾಳಿನಷ್ಟಾಗುತ್ತದೆ. ಕನ್ನಡ ನಾಮಫಲಕಕ್ಕಾಗಿ ಬೀದಿಗಿಳಿಯುವ ಸಂಘಟನೆಗಳ ಕಣ್ಣಿಗೂ ಈ ಫಲಕ ಬಿದ್ದಂತಿಲ್ಲ.

ಔಷಧ ನಿಯಂತ್ರಣ ಅಧಿಕಾರಿಗಳು ಚಿತ್ರದುರ್ಗದ ಮೆಡಿಕಲ್ ಶಾಪುಗಳ ಜೊತೆಗೆ ಹೋಬಳಿ ಸಂತೆಯ ಫ್ಯಾನ್ಸಿ ಅಂಗಡಿಗಳನ್ನೂ, ಸ್ಯಾಷೆ ತೂಗುಹಾಕುವ ಕಿರಾಣಿ ಅಂಗಡಿಗಳನ್ನೂ ನೋಡಲಿ. ಕನ್ನಡದ ಎಚ್ಚರಿಕೆ ಇಲ್ಲದ ಡೈ ಸಿಕ್ಕರೆ, ಅಂಗಡಿಯವನನ್ನು ಗದರಿಸಿ ಹಿಂತಿರುಗದೆ, ಅದನ್ನು ತಯಾರಿಸಿದ ಕಂಪನಿಗೆ ನೋಟಿಸು ಕಳುಹಿಸಲಿ.