ನೈಟ್ರೋ ಮೇಲೋ, ವಿದ್ಯುತ್ತು ಮೇಲೋ?

ರೇಡಿಯೋ ನಿಯಂತ್ರಣದ ಪುಟ್ಟ ಕಾರುಗಳ ಪಂದ್ಯವೆಂದರೆ ಮಕ್ಕಳಾಟವೆಂದು ನಗುವ ಮಿತ್ರರು ನಮ್ಮಲ್ಲಿ ಹಲವರಿದ್ದಾರೆ. ನಗಲಿ. ಆದರೆ ಈ ಆಟಕ್ಕೆ ಕೈಹಾಕುವವನಿಗೆ ಮೊದಲ ದಿನವೇ ಎದುರಾಗುವ ಪ್ರಶ್ನೆ ಮಕ್ಕಳಾಟದ್ದಲ್ಲ: ನೈಟ್ರೋ ಎಂಜಿನ್ನಿನ ಕಾರೋ, ಬ್ಯಾಟರಿಯ ಕಾರೋ? ಎರಡನ್ನೂ ಕೊಳ್ಳುವ ಶಕ್ತಿ ವಿದ್ಯಾರ್ಥಿಯ ಕಿಸೆಗಿಲ್ಲ. ಒಮ್ಮೆ ಕೊಂಡ ಮೇಲೆ ಹಲವು ವರ್ಷ ಅದರೊಡನೆಯೇ ಬಾಳಬೇಕು.

ನೈಟ್ರೋ ಪಕ್ಷದವರ ವಾದವನ್ನು ಮೊದಲು ಕೇಳೋಣ. ನಿಜವಾದ ಕಾರಿನ ಎಂಟನೆಯ ಒಂದು ಪಾಲಿನಷ್ಟಿರುವ ಬಗ್ಗಿಯಲ್ಲಿರುವುದು ಬರಿಯ 3.5 ಸಿ.ಸಿ. ಎಂಜಿನ್ನು, ಆದರೆ ನಿಮಿಷಕ್ಕೆ 30,000 ಸುತ್ತು ಮೀರಿ ತಿರುಗಬಲ್ಲುದು. ಅದರ ಆಹಾರ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ. ಈ ಎಣ್ಣೆಯಲ್ಲಿ ನಮ್ಮ ಹರಳೆಣ್ಣೆಗೂ ಎಷ್ಟೋ ಕಡೆ ಪಾಲುಂಟು! ಬೆಳಗಿನ ತಂಪಿನಲ್ಲಿ ಸರಿಯಾಗಿದ್ದ ಕಾರ್ಬ್ಯುರೇಟರಿನ ಸೂಜಿಯನ್ನು ಮಧ್ಯಾಹ್ನದ ಬಿಸಿಲಿಗೆ ಮತ್ತೆ ಹೊಂದಿಸಬೇಕು. ಇಂಧನ ಹೆಚ್ಚಾಯಿತೋ ಕಡಮೆಯಾಯಿತೋ ಎಂಬುದನ್ನು ಹೊಗೆ ನೋಡಿ, ಸದ್ದು ಕೇಳಿ ತಿಳಿಯುವ ಆ ವಿದ್ಯೆ ಪುಸ್ತಕದಿಂದ ಬಾರದು. ಅದಕ್ಕೆ ನಾನು ತಲೆಬಾಗುತ್ತೇನೆ. ದೊಡ್ಡ ಪಂದ್ಯಗಳ ಒಂದು ಗಂಟೆಯ ಅಂತಿಮ ಓಟದಲ್ಲಿ ಕೆಲವು ನಿಮಿಷಗಳಿಗೊಮ್ಮೆ ಕಾರು ಒಳಬರುವುದು, ಜೊತೆಗಾರನು ಕ್ಷಣಮಾತ್ರದಲ್ಲಿ ಇಂಧನ ತುಂಬಿ ಕಳಿಸುವುದು—ಈ ಸೊಗಸು ಬ್ಯಾಟರಿಯವರಿಗಿಲ್ಲ.

ಆದರೂ ನನ್ನ ಮತ ವಿದ್ಯುತ್ತಿಗೆ. ಲಿಥಿಯಂ-ಪಾಲಿಮರ್ ಬ್ಯಾಟರಿಯೂ ಬ್ರಷ್‌ಲೆಸ್ ಮೋಟಾರೂ ಬಂದ ಮೇಲೆ ವೇಗದ ಜಗಳ ಹಳೆಯದಾಯಿತು. ನನ್ನ ಕಾರಣ ಬೇರೆ. ಆಟಕ್ಕೆ ಮೊದಲು ಬೇಕಾದುದು ಜಾಗ. ಮನೆಗಳ ನಡುವಣ ಮೈದಾನದಲ್ಲಿ ಆ ಕಿರುಚು ಸದ್ದನ್ನು ಪಕ್ಕದ ಮನೆಯ ಅಜ್ಜಿ ಎಷ್ಟು ದಿನ ಸಹಿಸಿಯಾರು? ಅವರು ದೂರಿದರೆ ತಪ್ಪು ಅವರದಲ್ಲ. ಇಂಧನವೂ ಸಲೀಸಾದುದಲ್ಲ. ಮೆಥನಾಲ್ ವಿಷ. ನೈಟ್ರೋಮೀಥೇನನ್ನು ಸ್ಫೋಟಕ ತಯಾರಿಕೆಗೂ ಬಳಸಬಹುದಾದುದರಿಂದ, ಐರೋಪ್ಯ ಒಕ್ಕೂಟದಲ್ಲಿ 2021ರ ಫೆಬ್ರವರಿಯಿಂದ, ಅದು ತೂಕದಲ್ಲಿ ಶೇಕಡಾ 16ನ್ನು ಮೀರಿದ ಮಿಶ್ರಣವನ್ನು ಪರವಾನಗಿಯಿಲ್ಲದೆ ಸಾಮಾನ್ಯರು ಕೊಳ್ಳುವಂತಿಲ್ಲ. ಪಂದ್ಯಗಳಲ್ಲಿ ಶೇಕಡಾ 25ರದು ರೂಢಿಯಾಗಿತ್ತು! ಕೊಂಡ ಕಾರಿಗೆ ಆಹಾರವೇ ದೊರೆಯದಿದ್ದರೆ ಗತಿಯೇನು?

ಬ್ಯಾಟರಿ ಸಾಧುಪ್ರಾಣಿಯೆಂದು ನಾನು ಹೇಳುತ್ತಿಲ್ಲ. ಸಾಮಾನ್ಯವಾಗಿ ಒಂದೊಂದು ಸೆಲ್ಲಿಗೂ 4.2 ವೋಲ್ಟು ಮೇರೆ. ಅದನ್ನು ದಾಟಿದರೆ, ಇಲ್ಲವೆ ಹೊದಿಕೆ ತೂತಾದರೆ, ಬೆಂಕಿ ಹತ್ತುವುದುಂಟು. ಹಾಸ್ಟೆಲಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಊಟಕ್ಕೆ ಹೊರಡುವ ಮಹಾಶಯರು ದಯವಿಟ್ಟು ಈ ಆಟಕ್ಕೆ ಬರಬಾರದು.

ಊರಾಚೆ ಬಯಲುಳ್ಳವರು, ಕೈಯೆಲ್ಲ ಎಣ್ಣೆಯಾದರೂ ಬೇಸರಪಡದವರು ನೈಟ್ರೋ ಕಾರನ್ನೇ ಕೊಳ್ಳಲಿ. ಇಂಧನ ತುಂಬಲು ಜೊತೆಗಾರನಿಲ್ಲದಿದ್ದರೆ ನಾನೇ ಬರುತ್ತೇನೆ.