ತೊಗಟೆ ನಮ್ಮದು, ವರದಿ ಯಾರ ಭಾಷೆಯಲ್ಲಿ?

ನಮ್ಮ ಕಾಲೇಜುಗಳ ಪ್ರಯೋಗಾಲಯಕ್ಕೆ ಹೊಳೆಮತ್ತಿಯ ತೊಗಟೆ ಹೋಗುತ್ತದೆ, ಜಾಲಿಯದು ಹೋಗುತ್ತದೆ, ಬೇವಿನದೂ ಹೋಗುತ್ತದೆ. ಯಾವ ತೊಗಟೆ ಹುಣ್ಣಿಗೆ, ಯಾವುದು ಹಲ್ಲುನೋವಿಗೆ ಎಂದು ಹೇಳಿಕೊಟ್ಟವರು ಹಳ್ಳಿಯ ಅಜ್ಜಿಯರು, ನಾಟಿ ವೈದ್ಯರು. ಹೇಳಿದ್ದು ಕನ್ನಡದಲ್ಲಿ. ಪರೀಕ್ಷೆಯ ಫಲಿತಾಂಶ ಮಾತ್ರ ಇಂಗ್ಲಿಷಿನಲ್ಲಿ ಬೈಂಡಾಗಿ ಗ್ರಂಥಾಲಯದ ಬೀರು ಸೇರುತ್ತದೆ. ಹೇಳಿಕೊಟ್ಟವರ ಕೈಗೆ ಬಂದದ್ದೇನು? ಒಂದು ಸಾಲೂ ಇಲ್ಲ!

ಈ ಪರೀಕ್ಷೆ ಬ್ರಹ್ಮವಿದ್ಯೆಯೇನಲ್ಲ. ತೊಗಟೆಯನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ನೆನೆಸಿ ಸಾರ ತೆಗೆಯುತ್ತಾರೆ. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಪಾಕವನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಬ್ಯಾಕ್ಟೀರಿಯಾ ಸವರುತ್ತಾರೆ. ಸಾರದಲ್ಲಿ ಅದ್ದಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಯನ್ನು ಇಟ್ಟು, 37 ಡಿಗ್ರಿ ಶಾಖದಲ್ಲಿ ಒಂದು ರಾತ್ರಿ ಬಿಡುತ್ತಾರೆ. ಬೆಳಿಗ್ಗೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ಉಂಗುರ ಕಂಡರೆ ಸಾರದಲ್ಲಿ ಶಕ್ತಿ ಇದೆ ಎಂದರ್ಥ. ಉಂಗುರದ ಅಗಲವನ್ನು ಅಳೆದು ಬರೆದಿಡುತ್ತಾರೆ. ಇಷ್ಟನ್ನು ಬರೆಯಲು ಕನ್ನಡಕ್ಕೆ ಪದ ಸಾಲದೇ?

ಬರೆಯದೇ ಹೋದರೆ ಆ ಜಾಗಕ್ಕೆ ಬರುವವರು ವ್ಯಾಪಾರಿಗಳು. ನನ್ನ ಪ್ರೆಸ್ಸಿಗೆ ಲೇಬಲ್ ಅಚ್ಚು ಹಾಕಿಸಲು ಬರುವವರು 'ಪ್ರಯೋಗಾಲಯದಲ್ಲಿ ಸಾಬೀತಾಗಿದೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿ ಎನ್ನುತ್ತಾರೆ. ಸಾಬೀತಾದದ್ದೇನು? ತಟ್ಟೆಯೊಳಗಿನ ಉಂಗುರ. ತಟ್ಟೆ ಬೇರೆ, ದೇಹ ಬೇರೆ ಸ್ವಾಮಿ! ಬರಿಯ ಆಲ್ಕೋಹಾಲೂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅದಕ್ಕೇ ಸಾರವಿಲ್ಲದ ಬಿಲ್ಲೆಯೊಂದು, ಗೊತ್ತಿರುವ ಆಂಟಿಬಯೋಟಿಕ್ ಬಿಲ್ಲೆಯೊಂದು ಅದೇ ತಟ್ಟೆಯಲ್ಲಿ ಹೋಲಿಕೆಗೆ ಇರಬೇಕು. ತೊಗಟೆಗೆ ಒಗರು ಕೊಡುವ ಟ್ಯಾನಿನ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯಬಲ್ಲದು. ನುಂಗಿದಾಗ ಅದೇ ಕೆಲಸ ಮಾಡೀತೆಂಬ ಖಾತರಿ ಇಲ್ಲ. ಎಷ್ಟು ಪ್ರಮಾಣ ಬೇಕು, ಅಷ್ಟನ್ನು ಮನುಷ್ಯನ ಒಡಲು ತಾಳೀತೇ? ಉಂಗುರ ಇದಕ್ಕೆ ಉತ್ತರ ಹೇಳುವುದಿಲ್ಲ. ಲೇಬಲ್ ನಂಬಿ, ಡಾಕ್ಟರ ಮಾತ್ರೆ ಬಿಟ್ಟು, ನ್ಯುಮೋನಿಯಾಕ್ಕೆ ತೊಗಟೆ ಪುಡಿ ನುಂಗಿದವನ ಗತಿಯೇನು?

ಹಾಗೆಂದು ತೊಗಟೆಯನ್ನು ಹಳಿಯುವುದೂ ತಪ್ಪು. ದಕ್ಷಿಣ ಅಮೆರಿಕದ ಸಿಂಕೋನಾ ತೊಗಟೆಯಿಂದ 1820ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವಂತು ಕ್ವಿನೈನ್ ಬೇರ್ಪಡಿಸಿದರು. ಮಲೇರಿಯಾ ಬ್ಯಾಕ್ಟೀರಿಯಾದ ರೋಗವಲ್ಲ, ಆದರೂ ಪಾಠ ಅದೇ. ಜನ ಬಳಸುತ್ತಿದ್ದ ತೊಗಟೆ, ಅಳತೆ ಸಿಕ್ಕ ಮೇಲೆ ಲೋಕಕ್ಕೇ ಮದ್ದಾಯಿತು.

ಹೆಸರಿನ ಮಾತೂ ಇದೆ. ರಸ್ತೆ ಬದಿಯಲ್ಲಿ ಕಂಬದಂತೆ ನಿಲ್ಲುವ ಮರವನ್ನೂ ಅಶೋಕ ಎನ್ನುತ್ತೇವೆ. ಔಷಧಿಯ ಅಶೋಕ ಬೇರೆಯೇ ಮರ. ಇದರ ತೊಗಟೆಗೆ ಅದರ ತೊಗಟೆ ಬೆರೆಸಿ ಮಾರುವ ದಂಧೆ ಹಳೆಯದು. ಮತ್ತಿಯಲ್ಲೂ ಹೊಳೆಮತ್ತಿ, ಕರಿಮತ್ತಿ ಬೇರೆ ಬೇರೆ. ಊರ ಹೆಸರು, ಶಾಸ್ತ್ರದ ಹೆಸರು ಎರಡೂ ಒಟ್ಟಿಗೆ ಇಲ್ಲದ ವರದಿ ಅರ್ಧ ವರದಿ.

ವಿಜ್ಞಾನ ಓದುವ ಕನ್ನಡದ ಯುವಕ ಯುವತಿಯರೇ, ಪ್ರಬಂಧವನ್ನು ಇಂಗ್ಲಿಷಿನಲ್ಲೇ ಒಪ್ಪಿಸಿ, ಬೇಡ ಎನ್ನುವವರಾರು? ಜೊತೆಗೆ ಕನ್ನಡದಲ್ಲಿ ಒಂದೇ ಒಂದು ಪುಟ ಬರೆಯಿರಿ. ಯಾವ ಮರ, ಯಾವ ಊರಿನದು, ಯಾವ ಬ್ಯಾಕ್ಟೀರಿಯಾ, ಉಂಗುರ ಎಷ್ಟು, ಇನ್ನೂ ಸಾಬೀತಾಗದೇ ಉಳಿದದ್ದು ಏನು. ಆ ಪುಟ ತೊಗಟೆ ಕೊಟ್ಟ ಊರಿಗೆ ತಲುಪಲಿ, ಪಂಚಾಯಿತಿ ಗೋಡೆಗೆ ಅಂಟಲಿ. ಒಂದು ಪುಟ ಅಚ್ಚು ಹಾಕಿಕೊಟ್ಟರೆ ಕನ್ನಡದ ಯಾವ ಪ್ರೆಸ್ಸೂ ದಿವಾಳಿಯಾಗುವುದಿಲ್ಲ!